ಹೊಸ ಬೈಕಿನ ಕ್ಲಚ್ ಹಾರ್ಡ್ ಆಗಿದೆಯಾ? ಎಂಜಿನ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಹೊಸ ಬೈಕ್ ತಗೊಂಡ ಮೊದಲ ವಾರವೇ ಎಡಗೈ ನೋವು ಅಂತ ಹೇಳುವವರು ಬಹಳ ಜನ. ಶೋರೂಮಿಗೆ ಹೋಗಿ ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: "ಹೊಸ ಗಾಡಿ ಅಲ್ವಾ ಸರ್, ಓಡ್ತಾ ಓಡ್ತಾ ಸ್ಮೂತ್ ಆಗತ್ತೆ." ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಕೇಬಲ್ಲಿನ ಒಳಪದರ, ಲಿವರ್ ತಿರುಗುವ ಜಾಗ, ಇವು ಸ್ವಲ್ಪ ದಿನ ಓಡಿದ ಮೇಲೆ ಹದಕ್ಕೆ ಬರುತ್ತವೆ. ಆದರೆ ಕ್ಲಚ್ ಸ್ಪ್ರಿಂಗ್ ಓಡ್ತಾ ಓಡ್ತಾ ಮೆತ್ತಗಾಗುವುದಿಲ್ಲ. ಎಲ್ಲೋ ಸಿಕ್ಕಿಕೊಂಡ ಕೇಬಲ್ ತಾನಾಗಿ ಬಿಡಿಸಿಕೊಳ್ಳುವುದೂ ಇಲ್ಲ. ಹಾಗೇ ಬಿಟ್ಟರೆ ಒಳಗಿನ ವೈರಿನ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಒಂದು ದಿನ ನಡುರಸ್ತೆಯಲ್ಲಿ ಕೇಬಲ್ ಕೈಗೆ ಬರುತ್ತದೆ.

ಲಿವರ್ ಯಾಕೆ ಬಿಗಿಯಾಗಿದೆ ಅನ್ನುವುದನ್ನು ಮನೆ ಮುಂದೆ ನಿಲ್ಲಿಸಿಕೊಂಡೇ ಪತ್ತೆ ಮಾಡಬಹುದು. ಹೊಸ ಗಾಡಿಯಲ್ಲಿ ಕಾರಣ ಹೆಚ್ಚಾಗಿ ಎಂಜಿನ್ನಿನ ಹೊರಗೇ ಇರುತ್ತದೆ. ಒಂದೊಂದೇ ಭಾಗವನ್ನು ಬೇರೆ ಮಾಡಿ, ಬಿಗಿತ ಯಾವುದರಲ್ಲಿದೆ ಅಂತ ಕೈಗೇ ಗೊತ್ತಾಗುವ ಹಾಗೆ ಮಾಡುವುದೇ ಇಲ್ಲಿನ ಕೆಲಸ.

ಇದು ಕೇಬಲ್ ಕ್ಲಚ್ ಇರುವ ಗಾಡಿಗಳಿಗೆ. ನಮ್ಮ ರಸ್ತೆಯಲ್ಲಿ ಓಡಾಡುವ ಬೈಕುಗಳಲ್ಲಿ ಬಹುಪಾಲು ಅವೇ. ಕೇಬಲ್ ಬದಲು ಫ್ಲೂಯಿಡ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಬಗ್ಗೆ ಮುಂದೆ ಎರಡು ಮಾತು ಇದೆ. ಬೇಕಾಗುವ ಸಾಮಾನು ಕಡಿಮೆ: ಗಾಡಿ ಜೊತೆ ಬಂದ ಟೂಲ್ ಕಿಟ್, ಒಂದು ಟಾರ್ಚ್, ಹಳೆ ಬಟ್ಟೆ, ಸ್ವಲ್ಪ ಗ್ರೀಸ್, ಸಿಕ್ಕಿದರೆ ಒಂದು ಸ್ಪ್ರಿಂಗ್ ತಕ್ಕಡಿ. ಎಂಜಿನ್ ತಣ್ಣಗಿರಲಿ. ಕೈ ಹಾಕುವ ಜಾಗದ ಪಕ್ಕದಲ್ಲೇ ಸೈಲೆನ್ಸರಿನ ಬೆಂಡ್ ಪೈಪ್ ಇರುತ್ತದೆ.

ತೊಂದರೆ ಲಿವರಿನದಾ, ಗೇರಿನದಾ?

"ಕ್ಲಚ್ ಹಾರ್ಡ್" ಅಂತ ಹೇಳುವವರಲ್ಲಿ ಕೆಲವರ ತೊಂದರೆ ನಿಜವಾಗಿ ಗೇರಿನದು. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗಲ್ಲ, ಫಸ್ಟ್ ಹಾಕಿದರೆ ಟಕ್ ಅಂತ ಜೋರು ಸದ್ದು, ಬೆಳಿಗ್ಗೆ ಗೇರ್ ಹಾಕಿದ ಕೂಡಲೇ ಗಾಡಿ ಮುಂದಕ್ಕೆ ಎಗರುತ್ತದೆ. ಇದು ಕ್ಲಚ್ ಪೂರ್ತಿ ಬಿಡದೆ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುವ ಲಕ್ಷಣ. ತಣ್ಣಗಿರುವ ಆಯಿಲ್, ಜಾಸ್ತಿ ಫ್ರೀ ಪ್ಲೇ (ಭಾರ ಸಿಗುವ ಮೊದಲು ಲಿವರ್ ಖಾಲಿ ಬರುವ ದೂರ), ಇವು ಅದರ ಕಾರಣಗಳು. ಲಿವರ್ ಎಳೆಯುವ ಬಲಕ್ಕೂ ಆಯಿಲ್ ದಪ್ಪಕ್ಕೂ ಹೇಳಿಕೊಳ್ಳುವಂಥ ಸಂಬಂಧ ಇಲ್ಲ. ಹಾಗಾಗಿ "ಆಯಿಲ್ ಚೇಂಜ್ ಮಾಡಿದ್ರೆ ಲಿವರ್ ಲೈಟ್ ಆಗತ್ತೆ" ಅಂತ ಯಾರಾದರೂ ಹೇಳಿದರೆ ಅದಕ್ಕೆ ದುಡ್ಡು ಹಾಕಬೇಡಿ.

ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಲಿವರ್ ಎಳೆದು ನೋಡಿ. ಆಗಲೂ ಭಾರ ಅನಿಸಿದರೆ ತೊಂದರೆ ಲಿವರಿನಿಂದ ಕ್ಲಚ್ಚಿನವರೆಗಿನ ದಾರಿಯಲ್ಲೇ ಇದೆ.

ಆ ದಾರಿ ಹೀಗಿದೆ. ನೀವು ಲಿವರ್ ಎಳೆದರೆ ಅದು ಬುಡದ ಪಿವೊಟ್ ಬೋಲ್ಟಿನ ಸುತ್ತ ತಿರುಗಿ, ಒಳಗಿನ ವೈರನ್ನು ಎಳೆಯುತ್ತದೆ. ವೈರ್ ಕಪ್ಪು ಹೊದಿಕೆಯೊಳಗೆ ಜಾರುತ್ತಾ, ಹೆಡ್‌ಲೈಟಿನ ಹಿಂದೆ ಹಾದು, ಎಂಜಿನ್ ಹತ್ತಿರ ಇಳಿದು, ಅಲ್ಲಿ ಹೊರಗೆ ಕಾಣುವ ಒಂದು ಚಿಕ್ಕ ಆರ್ಮನ್ನು ತಿರುಗಿಸುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಈ ಆರ್ಮ್ ಬಲಗಡೆಯ ಕವರಿನ ಮೇಲಿರುತ್ತದೆ. ಆರ್ಮ್ ಒಳಗಿನ ಪುಶ್ ರಾಡನ್ನು ನೂಕುತ್ತದೆ ಅಥವಾ ಎಳೆಯುತ್ತದೆ. ಪ್ರೆಷರ್ ಪ್ಲೇಟ್ ಸ್ಪ್ರಿಂಗುಗಳನ್ನು ಅದುಮಿಕೊಂಡು ಸರಿಯುತ್ತದೆ, ಕ್ಲಚ್ ಪ್ಲೇಟುಗಳು ಸಡಿಲವಾಗುತ್ತವೆ. ನಿಮ್ಮ ಕೈ ಹೋರಾಡಬೇಕಾದದ್ದು ಕೊನೆಯ ಸ್ಪ್ರಿಂಗುಗಳ ಜೊತೆ ಮಾತ್ರ. ನಡುವೆ ಯಾವುದೇ ಭಾಗ ಉಜ್ಜಿದರೆ ಅಲ್ಲಿ ತಿನ್ನುವ ಬಲವನ್ನೂ ನಿಮ್ಮ ಬೆರಳುಗಳೇ ಕೊಡಬೇಕು.

ಬಿಟ್ಟಾಗ ಹೇಗೆ ವಾಪಸ್ ಬರುತ್ತದೆ ನೋಡಿ

ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಇದೇ ಮುಖ್ಯ. ಎಲ್ಲರೂ ಲಿವರ್ ಎಳೆಯುವಾಗ ಎಷ್ಟು ಭಾರ ಅಂತ ನೋಡುತ್ತಾರೆ. ಬಿಡುವಾಗ ಏನಾಗುತ್ತದೆ ಅಂತ ಯಾರೂ ನೋಡುವುದಿಲ್ಲ.

ಉಜ್ಜಾಟ ಎರಡೂ ಕಡೆ ಅಡ್ಡಿ ಮಾಡುತ್ತದೆ. ಎಳೆಯುವಾಗ ನಿಮಗೆ ಅಡ್ಡಿ, ವಾಪಸ್ ಹೋಗುವಾಗ ಸ್ಪ್ರಿಂಗಿಗೆ ಅಡ್ಡಿ. ಹಾಗಾಗಿ ಲಿವರ್ ಎಳೆಯಲು ಭಾರವಾಗಿದ್ದು, ಬಿಟ್ಟಾಗ ಸೋಮಾರಿಯಾಗಿ ನಿಧಾನ ವಾಪಸ್ ಬಂದರೆ, ಅಥವಾ ಕೊನೆಯಲ್ಲಿ ಬೆರಳಿನಿಂದ ತಳ್ಳಬೇಕಾದರೆ, ತಪ್ಪು ಹೆಚ್ಚಾಗಿ ಕೇಬಲ್ ಅಥವಾ ಪಿವೊಟ್ಟಿನಲ್ಲಿದೆ. ಎಳೆಯಲು ಭಾರವಾಗಿದ್ದು, ಬಿಟ್ಟ ಕೂಡಲೇ ಚಟ್ ಅಂತ ಜೋರಾಗಿ ವಾಪಸ್ ಬಡಿದರೆ, ಉಜ್ಜಾಟ ಕಡಿಮೆ ಇದೆ. ಸ್ಪ್ರಿಂಗೇ ಬಿಗಿ, ಇಲ್ಲವೇ ಆರ್ಮ್ ಅಡ್ಜಸ್ಟ್ ಆಗಿರುವ ಕೋನ ತಪ್ಪಾಗಿದೆ ಅಂತ ಅರ್ಥ.

ಸ್ಪ್ರಿಂಗ್ ತಕ್ಕಡಿ ಇದ್ದರೆ ಇದನ್ನು ಅಳೆದೇ ನೋಡಬಹುದು. ಲಿವರಿನ ತುದಿಯ ಗುಂಡಿಯಿಂದ ಒಂದು ಇಂಚು ಒಳಗೆ ಟೇಪ್ ಅಂಟಿಸಿ ಗುರುತು ಮಾಡಿ. ಅಲ್ಲಿ ಗಟ್ಟಿ ದಾರದ ಕುಣಿಕೆ ಹಾಕಿ, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಗ್ರಿಪ್ಪಿನ ಮೇಲಿಂದ ಹಿಂದಕ್ಕೆ ಎಳೆಯಿರಿ. ಹ್ಯಾಂಡಲ್ ಅಲ್ಲಾಡದಂತೆ ಇನ್ನೊಬ್ಬರು ಹಿಡಿದುಕೊಂಡಿರಲಿ. ಲಿವರ್ ಅರ್ಧ ದಾರಿಗೆ ಬಂದಾಗ ತಕ್ಕಡಿ ಎಷ್ಟು ತೋರಿಸುತ್ತದೆ ಅಂತ ಬರೆದುಕೊಳ್ಳಿ. ಆಮೇಲೆ ಪೂರ್ತಿ ಎಳೆದು, ನಿಧಾನವಾಗಿ ಬಿಡುತ್ತಾ ಬನ್ನಿ. ಅದೇ ಅರ್ಧ ದಾರಿಯಲ್ಲಿ ಈಗ ಎಷ್ಟಿದೆ ನೋಡಿ. ಎಳೆಯುವಾಗ 6 ಕೆ.ಜಿ., ಬಿಡುವಾಗ 2 ಕೆ.ಜಿ. ಬಂತು ಅಂತ ಇಟ್ಟುಕೊಳ್ಳಿ. ಆಗ ಸ್ಪ್ರಿಂಗಿನ ಪಾಲು ಅಂದಾಜು 4, ಉಜ್ಜಾಟದ ಪಾಲು 2. ಅಂದರೆ ನಿಮ್ಮ ಶ್ರಮದ ಮೂರನೇ ಒಂದು ಭಾಗ ದಾರಿಯಲ್ಲೇ ಹೋಗುತ್ತಿದೆ. ಎರಡೂ ಸಂಖ್ಯೆ ಹತ್ತಿರ ಹತ್ತಿರ ಇದ್ದರೆ ಕೇಬಲ್ ಚೆನ್ನಾಗಿದೆ. ಡಿಜಿಟಲ್ ಲಗೇಜ್ ತಕ್ಕಡಿಗಳಲ್ಲಿ ಹಲವು ಒಂದು ಸಂಖ್ಯೆಗೆ ಲಾಕ್ ಆಗಿ ನಿಂತುಬಿಡುತ್ತವೆ. ಇದಕ್ಕೆ ಹಳೇ ಕಾಲದ ಮುಳ್ಳಿನ ತಕ್ಕಡಿಯೇ ವಾಸಿ.

ಇಷ್ಟು ಕೆ.ಜಿ. ಇರಲೇಬೇಕು ಅನ್ನುವ ಲೆಕ್ಕ ಎಲ್ಲ ಗಾಡಿಗೂ ಒಂದೇ ಇಲ್ಲ. ಶೋರೂಮಿನಲ್ಲಿ ನಿಂತಿರುವ ಅದೇ ಮಾಡೆಲ್‌ನ ಬೇರೆ ಗಾಡಿಯನ್ನು ಅದೇ ತಕ್ಕಡಿಯಲ್ಲಿ ಎಳೆದು ನೋಡಿ. ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಅಳತೆ ಸಿಗುವುದಿಲ್ಲ. ತಕ್ಕಡಿ ಇಲ್ಲದಿದ್ದರೂ ಪರವಾಗಿಲ್ಲ, ಎರಡು ಗಾಡಿಯ ಲಿವರ್ ಒಂದಾದ ಮೇಲೊಂದು ಎಳೆದರೆ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ.

ಹ್ಯಾಂಡಲ್ ಎಡಕ್ಕೆ, ಬಲಕ್ಕೆ

ಈಗ ಹ್ಯಾಂಡಲ್ ನೇರ ಇಟ್ಟು ಲಿವರ್ ಎಳೆಯಿರಿ. ಪೂರ್ತಿ ಎಡಕ್ಕೆ ತಿರುಗಿಸಿ ಎಳೆಯಿರಿ. ಪೂರ್ತಿ ಬಲಕ್ಕೆ ತಿರುಗಿಸಿ ಎಳೆಯಿರಿ. ಮೂರೂ ಕಡೆ ಒಂದೇ ಥರ ಇರಬೇಕು. ಒಂದು ಕಡೆ ಬಿಗಿಯಾದರೆ, ಅಥವಾ ಫ್ರೀ ಪ್ಲೇ ಕಾಣೆಯಾದರೆ, ಕೇಬಲ್ ಎಲ್ಲೋ ಎಳೆದುಕೊಳ್ಳುತ್ತಿದೆ ಅಥವಾ ಚೂಪಾಗಿ ಬಾಗುತ್ತಿದೆ.

ಬಾಗುವಿಕೆ ಯಾಕೆ ಅಷ್ಟು ಮುಖ್ಯ ಅಂದರೆ, ಕಂಬಕ್ಕೆ ಸುತ್ತಿದ ಹಗ್ಗವನ್ನು ಎಳೆದು ನೋಡಿದವರಿಗೆ ಗೊತ್ತು. ಅರ್ಧ ಸುತ್ತು ಹಾಕಿದರೆ ಎಳೆಯಬಹುದು, ಎರಡು ಸುತ್ತು ಹಾಕಿದರೆ ಎತ್ತೇ ನಿಂತುಬಿಡುತ್ತದೆ. ಸುತ್ತು ಹೆಚ್ಚಾದಂತೆ ಉಜ್ಜಾಟ ಸುಮ್ನೆ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಕೇಬಲ್ಲಿಗೂ ಅದೇ ಲೆಕ್ಕ. ಕಂಪನಿಯವರು ಅದಕ್ಕೇ ಕೇಬಲ್ಲನ್ನು ದೊಡ್ಡ ದೊಡ್ಡ ಬಳುಕಿನಲ್ಲಿ ತಂದಿರುತ್ತಾರೆ, ಅಲ್ಲಲ್ಲಿ ಸಡಿಲವಾದ ಕೊಕ್ಕೆ ಕೊಟ್ಟಿರುತ್ತಾರೆ.

ಆ ದಾರಿಯನ್ನು ಕೆಡಿಸುವುದು ಹೆಚ್ಚಾಗಿ ಡೆಲಿವರಿ ದಿನ. ಲೆಗ್ ಗಾರ್ಡ್, ಮೊಬೈಲ್ ಹೋಲ್ಡರ್, ಚಾರ್ಜರ್, ಎಕ್ಸ್‌ಟ್ರಾ ಲೈಟ್, ಎಲ್ಲ ಅವತ್ತೇ ಕೂರಿಸುತ್ತಾರೆ. ಲೈಟಿನ ವೈರನ್ನು ಕ್ಲಚ್ ಕೇಬಲ್ ಜೊತೆ ಸೇರಿಸಿ ಪ್ಲಾಸ್ಟಿಕ್ ಟೈ ಹಾಕಿ ಬಿಗಿಯುತ್ತಾರೆ. ಹ್ಯಾಂಡಲ್ ಎತ್ತರ ಮಾಡುವ ರೈಸರ್ ಹಾಕಿದರೆ ಕೇಬಲ್ ಉದ್ದ ಸಾಲದೆ ಎಳೆದುಕೊಳ್ಳುತ್ತದೆ.

ನನ್ನ ಅಕ್ಕನ ಮಗಳು ಯಲಹಂಕದಿಂದ ದಿನಾ ಹೆಬ್ಬಾಳ ದಾಟಿ ಕೆಲಸಕ್ಕೆ ಹೋಗುತ್ತಾಳೆ. ಹೊಸ ಗಾಡಿ. "ಮಾಮಾ, ಸಂಜೆ ಹೊತ್ತಿಗೆ ಹೆಬ್ಬೆರಳಿನ ಬುಡ ಸಿಡಿಯತ್ತೆ. ಶೋರೂಮಲ್ಲಿ ಎರಡು ಸಲ ಕೇಳ್ದೆ, ಹೊಸದು ಅಂತಾರೆ" ಅಂದಳು. ಗಾಡಿ ನೋಡಿದರೆ ಹ್ಯಾಂಡಲ್ ನೇರ ಇದ್ದಾಗ ಭಾರ, ಎಡಕ್ಕೆ ತಿರುಗಿಸಿದರೆ ಇನ್ನೂ ಭಾರ, ಬಿಟ್ಟರೆ ಲಿವರ್ ಎಳೆದುಕೊಂಡು ಎಳೆದುಕೊಂಡು ವಾಪಸ್. ಟಾರ್ಚ್ ಹಿಡಿದು ಕೇಬಲ್ ಜಾಡು ಹಿಡಿದು ಬಂದೆ. ಲೆಗ್ ಗಾರ್ಡಿನ ಮೇಲಿನ ಕ್ಲಾಂಪ್, ಫ್ರೇಮಿನ ಮುಂದಿನ ಪೈಪಿಗೆ ಸೇರಿಸಿ ಬಿಗಿಯುವಾಗ, ಕೇಬಲ್ಲನ್ನೂ ಒಳಗೆ ಹಾಕಿಕೊಂಡು ಕೂತಿತ್ತು. ಕ್ಲಾಂಪ್ ಸಡಿಲಿಸಿ ಕೇಬಲ್ ಆಚೆ ತೆಗೆದರೆ, ಕಪ್ಪು ಹೊದಿಕೆಯ ಮೇಲೆ ಬೆರಳಗಲ ಚಪ್ಪಟೆ ಗುರುತು. ಉಳಿದ ಕಡೆ ಮಾಸಲು, ಅಲ್ಲಿ ಮಾತ್ರ ಒತ್ತಿ ಒತ್ತಿ ನುಣುಪಾಗಿ ಹೊಳೆಯುತ್ತಿತ್ತು. ಉಗುರಿನಿಂದ ಸವರಿದರೆ ಒಳಗಿನ ಸುರುಳಿ ತಂತಿ ಕುಸಿದಿರುವುದು ತಿಳಿಯುತ್ತಿತ್ತು. ಕ್ಲಾಂಪಿನಿಂದ ಬಿಡಿಸಿದ ಕೂಡಲೇ ಲಿವರ್ ಎಷ್ಟೋ ಹಗುರವಾಯಿತು. ಆದರೂ ಒಮ್ಮೆ ಚಪ್ಪಟೆಯಾದ ಹೊದಿಕೆ ಮತ್ತೆ ದುಂಡಗಾಗುವುದಿಲ್ಲ. ಆ ಗುರುತು ತೋರಿಸಿ, ಫೋಟೋ ಕೊಟ್ಟು, ಹೊಸ ಕೇಬಲ್ ಹಾಕಿಸಿಕೊಂಡಳು.

ಹಾಗಾಗಿ ಕೇಬಲ್ಲಿನ ಪೂರ್ತಿ ಉದ್ದಕ್ಕೂ ಬೆರಳು ಓಡಿಸಿ. ಟ್ಯಾಂಕಿನ ಅಂಚಿಗೆ ಸಿಕ್ಕಿದೆಯಾ, ಹೆಡ್‌ಲೈಟ್ ಬ್ರಾಕೆಟ್ ಒತ್ತುತ್ತಿದೆಯಾ, ಟೈ ಬಿಗಿಯಾಗಿ ಹೊದಿಕೆ ಕಚ್ಚಿದೆಯಾ, ಬಿಸಿ ಎಂಜಿನ್ನಿಗೆ ತಾಗಿ ಹೊದಿಕೆ ಕರಗಿದೆಯಾ ನೋಡಿ. ಟೈ ಇದ್ದರೆ ಕತ್ತರಿಸಿ, ಕೇಬಲ್ ಜಾರಾಡುವಷ್ಟು ಸಡಿಲವಾಗಿ ಮತ್ತೆ ಹಾಕಿ. ಓಡಿಸಿ ಬಿಸಿಯಾದ ಮೇಲೆ ಮಾತ್ರ ಲಿವರ್ ಬಿಗಿಯಾಗುತ್ತದೆ ಅನ್ನುವವರು ಈ ಕರಗುವ ಜಾಗವನ್ನು ಮೊದಲು ನೋಡಬೇಕು.

ಲಿವರಿನ ಬುಡ

ಲಿವರ್ ತಿರುಗುವ ಪಿವೊಟ್ ಬೋಲ್ಟ್ ಅತಿಯಾಗಿ ಬಿಗಿದಿದ್ದರೆ ಬ್ರಾಕೆಟ್ಟಿನ ಎರಡು ಕಿವಿಗಳು ಲಿವರನ್ನು ಅದುಮಿ ಹಿಡಿಯುತ್ತವೆ. ಕೆಳಗಿನ ಲಾಕ್ ನಟ್ಟನ್ನು ಸಡಿಲಿಸಿ, ಮೇಲಿನ ಬೋಲ್ಟನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ನೋಡಿ. ಒಮ್ಮೆಲೇ ಹಗುರವಾದರೆ ಕಾರಣ ಸಿಕ್ಕಿತು. ಬೋಲ್ಟನ್ನು ಲಿವರ್ ಅಲ್ಲಾಡದಷ್ಟು, ಆದರೆ ಸಲೀಸಾಗಿ ತಿರುಗುವಷ್ಟು ಬಿಗಿದು, ಅದು ಅಲುಗದಂತೆ ಹಿಡಿದುಕೊಂಡು ನಟ್ ಬಿಗಿಯಿರಿ.

ಬೋಲ್ಟನ್ನು ಪೂರ್ತಿ ತೆಗೆದರೆ ಅದನ್ನೂ ಲಿವರಿನ ತೂತನ್ನೂ ಒರೆಸಿ, ತೆಳ್ಳಗೆ ಗ್ರೀಸ್ ಸವರಿ. ಕೇಬಲ್ಲಿನ ತುದಿಯ ಗುಂಡು, ಅಂದರೆ ನಿಪ್ಪಲ್, ಲಿವರಿನ ಗೂಡಿನಲ್ಲಿ ತಿರುಗಬೇಕು. ಅದು ಒಣಗಿ ಕಚ್ಚಿಕೊಂಡರೆ, ಲಿವರ್ ಎಳೆದಾಗಲೆಲ್ಲ ವೈರ್ ನಿಪ್ಪಲ್ಲಿನ ಬಾಯಲ್ಲೇ ಬಾಗುತ್ತದೆ. ಕ್ಲಚ್ ಕೇಬಲ್ ಹರಿಯುವುದು ಸಾಮಾನ್ಯವಾಗಿ ಆ ಜಾಗದಲ್ಲೇ. ನಿಪ್ಪಲ್ಲಿಗೂ ಒಂದು ಚಿಟಿಕೆ ಗ್ರೀಸ್ ಕೊಡಿ.

ಹೊಸ ಗಾಡಿಯಲ್ಲೂ ಇಲ್ಲಿ ತುಕ್ಕು ಕಂಡರೆ ಆಶ್ಚರ್ಯ ಪಡಬೇಡಿ. ಕೆಲವು ಗಾಡಿಗಳು ಯಾರ್ಡಿನಲ್ಲಿ ತಿಂಗಳುಗಟ್ಟಲೆ ಮಳೆಬಿಸಿಲಿಗೆ ನಿಂತು ಬಂದಿರುತ್ತವೆ. ಆರ್‌ಸಿಯಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಕೊಂಡ ದಿನಕ್ಕೂ ಅದಕ್ಕೂ ಜಾಸ್ತಿ ಅಂತರ ಇದ್ದರೆ ಪಿವೊಟ್ ಮತ್ತು ಕೇಬಲ್ ಎರಡನ್ನೂ ಅನುಮಾನದಿಂದಲೇ ನೋಡಿ. ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿ ಇದು ಇನ್ನೂ ಬೇಗ.

ಇನ್ನೊಂದು ಸಣ್ಣ ವಿಷಯ, ಆದರೆ ಕೈಗೆ ದೊಡ್ಡದು. ಲಿವರ್ ಯಾವ ಕೋನದಲ್ಲಿ ಕೂತಿದೆ? ಸೀಟಿನ ಮೇಲೆ ಕೂತು ಕೈ ಚಾಚಿ ಬೆರಳು ಲಿವರ್ ಮೇಲಿಟ್ಟಾಗ, ಮೊಣಕೈಯಿಂದ ಬೆರಳವರೆಗೆ ಒಂದೇ ಗೆರೆ ಬರಬೇಕು. ಮಣಿಕಟ್ಟು ಮೇಲಕ್ಕೆ ಮುರಿದಂತಿದ್ದರೆ ಅದೇ ಬಲಕ್ಕೆ ಬೇಗ ಸುಸ್ತಾಗುತ್ತದೆ. ಬ್ರಾಕೆಟ್ಟಿನ ಬೋಲ್ಟ್ ಸಡಿಲಿಸಿ ಸ್ವಲ್ಪ ಕೆಳಕ್ಕೆ ತಿರುಗಿಸಬಹುದು. ಹಲವು ಗಾಡಿಗಳಲ್ಲಿ ಕನ್ನಡಿಯೂ ಅದೇ ಬ್ರಾಕೆಟ್ಟಿಗೆ ಕೂರುವುದರಿಂದ ಆಮೇಲೆ ಕನ್ನಡಿ ಸರಿ ಮಾಡಿಕೊಳ್ಳಬೇಕು. ಬೆರಳುಗಳನ್ನು ತುದಿಯ ಕಡೆ ಇಡಿ. ಪಿವೊಟ್ ಹತ್ತಿರ ಎರಡು ಬೆರಳಲ್ಲಿ ಎಳೆದರೆ ಜಾಸ್ತಿ ಬಲ ಬೇಕು. ಚಂದ ಕಾಣುತ್ತದೆ ಅಂತ ಮಾರುವ ಗಿಡ್ಡ ಲಿವರುಗಳೂ ಇದೇ ಕಾರಣಕ್ಕೆ ಭಾರ. ದಪ್ಪ ಫೋಮ್ ಗ್ರಿಪ್ ಹಾಕಿಸಿದ್ದರೆ ಚಿಕ್ಕ ಕೈಯವರಿಗೆ ಲಿವರ್ ದೂರವಾಗುತ್ತದೆ, ಅದನ್ನೂ ತೆಗೆದು ನೋಡಿ.

ಫ್ರೀ ಪ್ಲೇ

ಲಿವರ್ ಎಳೆಯಲು ಶುರು ಮಾಡಿದಾಗ ಮೊದಲು ಸ್ವಲ್ಪ ದೂರ ಏನೂ ಭಾರ ಇಲ್ಲದೆ ಖಾಲಿ ಬರುತ್ತದಲ್ಲ, ಅದೇ ಫ್ರೀ ಪ್ಲೇ. ಹಲವು ಗಾಡಿಗಳಿಗೆ ಲಿವರಿನ ತುದಿಯಲ್ಲಿ 10ರಿಂದ 15 ಮಿ.ಮೀ., ಕೆಲವಕ್ಕೆ 20 ಮಿ.ಮೀ.ವರೆಗೆ ಹೇಳುತ್ತಾರೆ. ಇನ್ನು ಕೆಲವು ಕಂಪನಿಗಳು ಲಿವರಿನ ಬುಡದ ಸಂದಿಯಲ್ಲಿ 2ರಿಂದ 3 ಮಿ.ಮೀ. ಅಂತ ಕೊಡುತ್ತವೆ. ನಿಮ್ಮ ಗಾಡಿಯ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇರುವುದೇ ಕೊನೆ ಮಾತು. ಎಲ್ಲಿ ಅಳೆಯಬೇಕು ಅಂತಲೂ ಅದರಲ್ಲೇ ನೋಡಿ, ತುದಿಯ ಅಳತೆಯನ್ನು ಬುಡದಲ್ಲಿ ಹಿಡಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಫ್ರೀ ಪ್ಲೇ ಇಲ್ಲದಿದ್ದರೆ ಮೊದಲ ಮಿಲಿಮೀಟರಿನಿಂದಲೇ ಸ್ಪ್ರಿಂಗ್ ಎದುರಾಗುತ್ತದೆ, ಲಿವರ್ ಪೂರ್ತಿ ಬಿಗಿ ಅನಿಸುತ್ತದೆ. ಕೈಗೆ ಆಗುವ ತೊಂದರೆಗಿಂತ ಕ್ಲಚ್ಚಿಗೆ ಆಗುವುದು ದೊಡ್ಡದು. ಲಿವರ್ ಬಿಟ್ಟಿದ್ದರೂ ಕ್ಲಚ್ ಅರೆಬರೆ ಒತ್ತಿಯೇ ಇರುತ್ತದೆ. ಪ್ಲೇಟ್ ಜಾರುತ್ತದೆ, ಎಂಜಿನ್ ಕೂಗುತ್ತದೆ ಆದರೆ ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಹಾಗಾಗಿ ಇದು ಕಂಡರೆ ಅವತ್ತೇ ಸರಿ ಮಾಡಿ, ಕ್ರಮ ಮುಂದೆ ಆರ್ಮಿನ ಭಾಗದಲ್ಲಿದೆ. ಪ್ಲೇಟ್ ಸವೆದಂತೆ ಫ್ರೀ ಪ್ಲೇ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಹೊಸ ಕೇಬಲ್ ಹಿಗ್ಗಿದಂತೆ ಜಾಸ್ತಿಯಾಗುತ್ತದೆ. ಮೊದಲ ಸರ್ವಿಸ್‌ವರೆಗೆ ಆಗಾಗ ನೋಡಿಕೊಳ್ಳುವುದು ಅದಕ್ಕೇ.

ಉಲ್ಟಾ ಉಪಾಯವೂ ಚಾಲ್ತಿಯಲ್ಲಿದೆ. ಲಿವರ್ ಬಿಗಿ ಅಂದರೆ ಕೆಲವು ಕಡೆ ಅಡ್ಜಸ್ಟರ್, ಅಂದರೆ ಕೇಬಲ್ಲಿನ ಸಡಿಲ ಹೊಂದಿಸುವ ತಿರುಪು, ತಿರುಗಿಸಿ ಕೇಬಲ್ ಲೂಸ್ ಮಾಡಿ ಕಳಿಸುತ್ತಾರೆ. ಲಿವರಿನ ಅರ್ಧ ದಾರಿ ಖಾಲಿ ಹೋಗುತ್ತದೆ, ಕೈಗೆ ಹಗುರ ಅನಿಸುತ್ತದೆ. ಆದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಗೇರ್ ಕಟಕಟ ಅನ್ನುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಇದನ್ನು ರಿಪೇರಿ ಅಂತ ಒಪ್ಪಿಕೊಳ್ಳಬೇಡಿ.

ಕೇಬಲ್ ಬಿಡಿಸಿ ನೋಡುವುದು

ಇಷ್ಟಾದರೂ ಗೊತ್ತಾಗದಿದ್ದರೆ ಭಾಗಗಳನ್ನು ಬೇರೆ ಮಾಡಲೇಬೇಕು. ಮೊದಲು ಎರಡೂ ತುದಿಯ ಫೋಟೋ ತೆಗೆದಿಡಿ. ಲಿವರ್ ಹತ್ತಿರದ ರಬ್ಬರ್ ಕವರ್ ಸರಿಸಿ, ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿ. ಅಡ್ಜಸ್ಟರ್, ನಟ್, ಬ್ರಾಕೆಟ್ ಮೂರರಲ್ಲೂ ಉದ್ದದ ಸೀಳು ಇರುತ್ತದೆ. ಮೂರೂ ಸೀಳು ಒಂದೇ ಸಾಲಿಗೆ ಬಂದಾಗ ವೈರ್ ಅಲ್ಲಿಂದ ಹೊರಗೆ ಜಾರಿ ಬರುತ್ತದೆ, ನಿಪ್ಪಲ್ ಲಿವರಿನಿಂದ ಕೆಳಗೆ ಬೀಳುತ್ತದೆ. ಬರದಿದ್ದರೆ ಎಂಜಿನ್ ಕಡೆಯ ನಟ್ಟುಗಳನ್ನು ಸಡಿಲಿಸಿ ಇನ್ನಷ್ಟು ಸಡಿಲ ಮಾಡಿಕೊಳ್ಳಿ.

ಈಗ ಖಾಲಿ ಲಿವರನ್ನು ಒಂದು ಬೆರಳಿನಿಂದ ತಳ್ಳಿ. ಸಲೀಸಾಗಿ ಆಚೀಚೆ ಹೋಗಬೇಕು. ಹೋಗದಿದ್ದರೆ ತಪ್ಪು ಪಿವೊಟ್ಟಿನದು. ಲಿವರಿನ ಬುಡದಲ್ಲಿರುವ ಕ್ಲಚ್ ಸ್ವಿಚ್ಚಿನ ಸಣ್ಣ ಕಡ್ಡಿ ಸಿಕ್ಕಿಕೊಂಡಿದ್ದರೂ ಇಲ್ಲೇ ಗೊತ್ತಾಗುತ್ತದೆ.

ಆಮೇಲೆ ಎಂಜಿನ್ ಕಡೆಯ ತುದಿಯನ್ನೂ ಆರ್ಮಿನಿಂದ ಬಿಡಿಸಿ. ಕೇಬಲ್ ಗಾಡಿಯಲ್ಲೇ ಇರಲಿ. ಎರಡು ಬೆರಳಲ್ಲಿ ಒಳಗಿನ ವೈರನ್ನು ಹಿಂದೆಮುಂದೆ ಎಳೆಯಿರಿ. ಒಳ್ಳೆಯ ಕೇಬಲ್ಲಿನಲ್ಲಿ ವೈರ್ ಬೆಣ್ಣೆಯಂತೆ ಜಾರುತ್ತದೆ. ಗರಗರ ಅಂದರೆ, ಮಧ್ಯೆ ಹಿಡಿದುಕೊಂಡರೆ, ಕೇಬಲ್ಲನ್ನು ಗಾಡಿಯಿಂದ ಪೂರ್ತಿ ತೆಗೆದು ನೇರವಾಗಿ ತೂಗುಬಿಟ್ಟು ಮತ್ತೆ ಎಳೆಯಿರಿ. ಗಾಡಿಯಲ್ಲಿದ್ದಾಗ ಬಿಗಿ, ತೆಗೆದಾಗ ಸಲೀಸು ಅಂದರೆ ಕೇಬಲ್ ಚೆನ್ನಾಗಿದೆ, ಹಾಯಿಸಿದ ದಾರಿ ತಪ್ಪು. ತೆಗೆದ ಮೇಲೂ ಬಿಗಿ ಅಂದರೆ ಕೇಬಲ್ಲೇ ಕೆಟ್ಟಿದೆ, ಬದಲಿಸಬೇಕು.

ಎಣ್ಣೆ ಬಿಡಬಹುದಲ್ವಾ ಅಂತ ಕೇಳುತ್ತಾರೆ. ಈಗಿನ ಹಲವು ಕೇಬಲ್ಲುಗಳಿಗೆ ಒಳಗೆ ಟೆಫ್ಲಾನಿನಂಥ ಪದರ ಇರುತ್ತದೆ. ಅದಕ್ಕೆ ದಪ್ಪ ಗ್ರೀಸ್ ತುಂಬಿದರೆ ಧೂಳು ಅಂಟಿಕೊಂಡು ಇನ್ನೂ ಬಿಗಿಯಾಗುತ್ತದೆ. ಕಲಬುರಗಿ, ರಾಯಚೂರು ಕಡೆಯ ಧೂಳಿಗೆ ಅದು ಬಹಳ ಬೇಗ. ಹಳೆಯ ಗಾಡಿಯಾದರೆ ಕೇಬಲ್ಲಿಗೆ ಅಂತಲೇ ಬರುವ ಸ್ಪ್ರೇ, ಇಲ್ಲವೇ ಸಿಲಿಕೋನ್ ಸ್ಪ್ರೇ ಹಾಕಿ, ಅದೂ ಬ್ರೇಕ್ ಡಿಸ್ಕಿಗೆ ಒಂದು ಹನಿಯೂ ಬೀಳದಂತೆ. ಹೊಸ ಗಾಡಿಯಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಹೊಸ ಕೇಬಲ್ ಎಣ್ಣೆ ಕೇಳಬಾರದು. ಕೇಳುತ್ತಿದೆ ಅಂದರೆ ಅದು ಬದಲಾಗಬೇಕಾದ ಕೇಬಲ್. ಎಣ್ಣೆ ಬಿಟ್ಟು ತಾತ್ಕಾಲಿಕವಾಗಿ ಸರಿ ಮಾಡಿದರೆ ತೋರಿಸಲು ಸಾಕ್ಷಿಯೂ ಹೋಗುತ್ತದೆ.

ಎಂಜಿನ್ ಕಡೆಯ ಆರ್ಮ್

ಲಿವರ್ ಸಲೀಸು, ಕೇಬಲ್ ಸಲೀಸು. ಹಾಗಾದರೆ ಉಳಿದದ್ದು ಆರ್ಮ್. ಕೈಯಿಂದ ಅಲ್ಲಾಡಿಸಿದರೆ ಮೊದಲು ಸ್ವಲ್ಪ ಸಡಿಲ, ಆಮೇಲೆ ಗಟ್ಟಿಯಾಗಿ ಸ್ಪ್ರಿಂಗ್ ತಾಗಬೇಕು. ಸಡಿಲ ಇರುವ ಜಾಗದಲ್ಲೇ ಉಜ್ಜಿದರೆ ಅಥವಾ ಕಚ್ಚಿದರೆ ಆರ್ಮಿನ ಶಾಫ್ಟ್ ಒಣಗಿರಬಹುದು. ಕೇಬಲ್ ಇಲ್ಲದಿರುವಾಗ ಆರ್ಮನ್ನು ಹಿಂದಕ್ಕೆ ಜೋರಾಗಿ ತಿರುಗಿಸಬೇಡಿ. ಕೆಲವು ಎಂಜಿನ್ನುಗಳಲ್ಲಿ ಒಳಗಿನ ರಾಡಿನ ಹಿಡಿತ ತಪ್ಪಿಹೋಗುತ್ತದೆ.

ಇಲ್ಲಿ ಕೋನ ನೋಡಬೇಕು. ಲಿವರ್ ಎಳೆದು ಪ್ಲೇಟುಗಳು ಸಡಿಲವಾಗುವ ಹೊತ್ತಿಗೆ ಕೇಬಲ್ಲಿಗೂ ಆರ್ಮಿಗೂ ನಡುವೆ ಸುಮಾರು 90 ಡಿಗ್ರಿ ಇದ್ದರೆ ಎಳೆತ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಎಂಜಿನ್ ಕಡೆಯ ನಟ್ಟುಗಳನ್ನು ತಪ್ಪಾಗಿ ಕೂರಿಸಿ, ಫ್ರೀ ಪ್ಲೇಯನ್ನು ಮೇಲಿನ ಅಡ್ಜಸ್ಟರಿನಲ್ಲೇ ಹೊಂದಿಸಿಬಿಟ್ಟಿದ್ದರೆ, ಆರ್ಮ್ ಆ ಕೋನ ದಾಟಿ ಹೋಗಿರುತ್ತದೆ. ಆಗ ಬಲದ ಒಂದು ಪಾಲು ಪಕ್ಕಕ್ಕೆ ಹೋಗುತ್ತದೆ. ಲಿವರ್ ಎಳೆದಂತೆ ಎಳೆದಂತೆ ಕೊನೆಯಲ್ಲಿ ತುಂಬ ಭಾರವಾಗುವುದು ಇದರ ಗುರುತು. ಕೆಲವು ಎಂಜಿನ್ನುಗಳಲ್ಲಿ ಆರ್ಮಿನ ಮೇಲೂ ಕೇಸಿನ ಮೇಲೂ ಗೆರೆ ಇರುತ್ತದೆ, ಎರಡೂ ಎದುರುಬದುರು ಬರಬೇಕು.

ಕ್ರಮ ಹೀಗಿರಲಿ: ಮೇಲಿನ ಅಡ್ಜಸ್ಟರನ್ನು ಬಹುತೇಕ ಒಳಕ್ಕೆ ತಿರುಗಿಸಿಡಿ. ಎಂಜಿನ್ ಕಡೆಯ ನಟ್ಟುಗಳಲ್ಲಿ ಫ್ರೀ ಪ್ಲೇಯನ್ನು ಹತ್ತಿರ ತನ್ನಿ. ಕೊನೆಯ ಒಂದೆರಡು ಮಿಲಿಮೀಟರನ್ನು ಮಾತ್ರ ಮೇಲೆ ಸರಿ ಮಾಡಿ. ಮುಗಿದ ಮೇಲೆ ಮೇಲಿನ ಸೀಳು ಆಕಾಶ ನೋಡದಂತೆ ತಿರುಗಿಸಿಡಿ. ಮೇಲ್ಮುಖವಾಗಿದ್ದರೆ ಮಳೆ ನೀರು ನೇರ ಕೇಬಲ್ ಒಳಗೆ ಇಳಿಯುತ್ತದೆ. ಮಲೆನಾಡಿನಲ್ಲಿ ಓಡಿಸುವವರು ಇದನ್ನು ಮರೆಯಲೇಬಾರದು.

ಡಿಸೈನೇ ಹಾಗಿದ್ದರೆ

ಎಲ್ಲ ಸರಿ ಇದೆ, ಶೋರೂಮಿನ ಬೇರೆ ಗಾಡಿಯೂ ಅಷ್ಟೇ ಭಾರ. ಹಾಗಾದರೆ ಆ ಗಾಡಿಯ ಸ್ಪ್ರಿಂಗೇ ಅಷ್ಟು. ಎಂಜಿನ್ನಿನ ಎಳೆತ ಜಾಸ್ತಿಯಾದಷ್ಟೂ ಪ್ಲೇಟುಗಳನ್ನು ಗಟ್ಟಿಯಾಗಿ ಒತ್ತಿಹಿಡಿಯಬೇಕಾಗುತ್ತದೆ. ಈಗೀಗ ಬರುವ ಅಸಿಸ್ಟ್ ಅಂಡ್ ಸ್ಲಿಪ್ಪರ್ ಕ್ಲಚ್‌ನಲ್ಲಿ ಇಳಿಜಾರಾಗಿ ಕೊರೆದ ಭಾಗಗಳಿರುತ್ತವೆ. ಎಂಜಿನ್ ಎಳೆಯುವಾಗ ಅವೇ ಪ್ಲೇಟನ್ನು ಇನ್ನಷ್ಟು ಒತ್ತುತ್ತವೆ. ಹಾಗಾಗಿ ಸ್ಪ್ರಿಂಗ್ ಮೃದುವಾಗಿದ್ದರೂ ನಡೆಯುತ್ತದೆ, ಲಿವರ್ ಹಗುರವಾಗುತ್ತದೆ. 2018ರಲ್ಲಿ ಬಂದ ಯಮಹಾ ಆರ್15ರ ಮೂರನೇ ಆವೃತ್ತಿ, ಅದೇ ವರ್ಷದ ರಾಯಲ್ ಎನ್‌ಫೀಲ್ಡ್ 650 ಗಾಡಿಗಳು, 2023ರ ಟ್ರಯಂಫ್ ಸ್ಪೀಡ್ 400, ಇವೆಲ್ಲ ಈ ಥರದವು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ದಿಗಳು ಬೇರೆಯೇ ದಾರಿ ಹಿಡಿದಿದ್ದವು. ಗೇರ್ ಪೆಡಲ್ ಒತ್ತಿದರೆ ಕ್ಲಚ್ ತಾನೇ ಬಿಡುವ ಏರ್ಪಾಡು ಅವುಗಳಲ್ಲಿತ್ತು. ಎಡಗೈಗೆ ಅಷ್ಟು ಕರುಣೆ ತೋರಿಸಿದ ಗಾಡಿಗಳು ಕಡಿಮೆ.

ಸ್ಪ್ರಿಂಗ್ ಭಾರ ಅಂತ ಒಂದೆರಡು ಸ್ಪ್ರಿಂಗ್ ತೆಗೆಸುವುದು, ಅಗ್ಗದ ಮೃದು ಸ್ಪ್ರಿಂಗ್ ಹಾಕಿಸುವುದು ಬೇಡ. ಪ್ಲೇಟ್ ಜಾರಿ ಸುಡುತ್ತದೆ, ವಾರಂಟಿಯೂ ಹೋಗುತ್ತದೆ. ಆರ್ಮನ್ನು ಉದ್ದ ಮಾಡುವ ಪಟ್ಟಿಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವು ನಿಜವಾಗಿಯೂ ಹಗುರ ಮಾಡುತ್ತವೆ. ಆದರೆ ಉಳಿಸಿದ ಬಲದ ಬದಲು ಹೆಚ್ಚು ದೂರದ ಎಳೆತ ಕೇಳುತ್ತವೆ. ಲಿವರ್ ಅಷ್ಟೇ ಎಳೆದರೆ ಆರ್ಮ್ ಕಡಿಮೆ ತಿರುಗುತ್ತದೆ, ಕ್ಲಚ್ ಪೂರ್ತಿ ಬಿಡದೆ ಇರಬಹುದು. ಹಾಕಿಸಲೇಬೇಕು ಅಂದರೆ ವಾರಂಟಿ ಮುಗಿದ ಮೇಲೆ, ನ್ಯೂಟ್ರಲ್ ಸಲೀಸಾಗಿ ಸಿಗುತ್ತದಾ ಅಂತ ನೋಡಿಕೊಂಡು ಹಾಕಿಸಿ.

ಹೈಡ್ರಾಲಿಕ್ ಕ್ಲಚ್ ಇರುವವರು ಪಿವೊಟ್, ಲಿವರಿನ ಕೋನ, ಹೋಸ್ ಎಲ್ಲಾದರೂ ಮಡಿಸಿಕೊಂಡಿದೆಯಾ, ಇಷ್ಟು ನೋಡಿ. ಫ್ಲೂಯಿಡ್ ಸೇರಿಸಬೇಕಾದರೆ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನು ಮಾತ್ರ ಹಾಕಿ. ಬ್ರೇಕ್ ಫ್ಲೂಯಿಡ್ ಬೇಕಾದಲ್ಲಿ ಮಿನರಲ್ ಆಯಿಲ್ ಬಿದ್ದರೆ, ಅಥವಾ ಮಿನರಲ್ ಆಯಿಲ್ ಬೇಕಾದಲ್ಲಿ ಬ್ರೇಕ್ ಫ್ಲೂಯಿಡ್ ಬಿದ್ದರೆ, ರಬ್ಬರ್ ಸೀಲುಗಳು ಹಾಳಾಗುತ್ತವೆ. ಉಳಿದದ್ದು ಸರ್ವಿಸ್ ಸೆಂಟರಿನ ಕೆಲಸ.

ಜಾಬ್ ಕಾರ್ಡಿನಲ್ಲಿ ಏನು ಬರೆಸಬೇಕು

"ಕ್ಲಚ್ ಹಾರ್ಡ್" ಅಂತ ಎರಡು ಪದ ಬರೆಸಿದರೆ ಅಡ್ಜಸ್ಟರ್ ತಿರುಗಿಸಿ ಕೊಡುತ್ತಾರೆ. ನೀವು ನೋಡಿದ್ದನ್ನು ಬರೆಸಿ: "ಹ್ಯಾಂಡಲ್ ಎಡಕ್ಕೆ ತಿರುಗಿದಾಗ ಲಿವರ್ ಬಿಗಿ. ಬಿಟ್ಟಾಗ ನಿಧಾನ ವಾಪಸ್. ಕೇಬಲ್ ಬಿಡಿಸಿದಾಗ ಲಿವರ್ ಸಲೀಸು, ಕೇಬಲ್ ಒಳಗೆ ಉಜ್ಜುತ್ತಿದೆ." ಹೀಗಿದ್ದರೆ ಅವರಿಗೂ ಎಲ್ಲಿ ಕೈ ಹಾಕಬೇಕು ಅಂತ ತಿಳಿಯುತ್ತದೆ. ಲಿವರ್, ಕೇಬಲ್, ಆರ್ಮಿನ ಕೋನ ಮೂರೂ ಸರಿ ಇದ್ದು, ಅದೇ ಮಾಡೆಲ್‌ನ ಬೇರೆ ಗಾಡಿಗಿಂತ ನಿಮ್ಮದು ಸ್ಪಷ್ಟವಾಗಿ ಭಾರವಾಗಿದ್ದರೆ ಮಾತ್ರ ಒಳಗಿನ ರಿಲೀಸ್ ಬೇರಿಂಗ್, ಪುಶ್ ರಾಡ್, ಸ್ಪ್ರಿಂಗ್ ನೋಡಿ ಅಂತ ಬರೆಸಿ. ಕವರ್ ಬಿಚ್ಚುವ ಆ ಕೆಲಸ ವಾರಂಟಿಯಲ್ಲಿ ಅವರೇ ಮಾಡಬೇಕು, ನೀವಾಗಲಿ ಹೊರಗಿನ ಮೆಕ್ಯಾನಿಕ್ ಆಗಲಿ ಮುಟ್ಟಬೇಡಿ. ಜಾಬ್ ಕಾರ್ಡಿನ ಪ್ರತಿ ಇಟ್ಟುಕೊಳ್ಳಿ.

ರಿಪೇರಿ ಆಗುವವರೆಗೆ ಉದ್ದದ ಸಿಗ್ನಲ್‌ಗಳಲ್ಲಿ ಲಿವರ್ ಹಿಡಿದು ನಿಲ್ಲದೆ ನ್ಯೂಟ್ರಲ್ ಮಾಡಿ. ರಾತ್ರಿ ಹೊತ್ತು ಬೆರಳು ಜೋಮು ಹಿಡಿಯುತ್ತಿದ್ದರೆ, ಹೆಬ್ಬೆರಳಿನ ನೋವು ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ, ಗಾಡಿ ಸರಿಯಾಗಲಿ ಅಂತ ಕಾಯಬೇಡಿ.

ಹೊಸ ಕೇಬಲ್ ಹಾಕಿ ಕೊಟ್ಟ ಮೇಲೆ ಅಲ್ಲೇ ಎರಡು ಪರೀಕ್ಷೆ ಮಾಡಿ. ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಲಿವರ್ ಎಳೆದು ನೋಡಿ. ಎಂಜಿನ್ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿಟ್ಟು ಮತ್ತೆ ಹ್ಯಾಂಡಲ್ ತಿರುಗಿಸಿ. ಎಂಜಿನ್ ಸದ್ದು ಏರಿದರೆ, ಕ್ಲಚ್ ಕೇಬಲ್ ಹಾಕುವಾಗ ಆಕ್ಸಿಲರೇಟರ್ ಕೇಬಲ್ಲನ್ನು ಎಲ್ಲೋ ಸಿಕ್ಕಿಸಿದ್ದಾರೆ, ಸರಿ ಮಾಡಿಸದೆ ಗಾಡಿ ಆಚೆ ತೆಗೆಯಬೇಡಿ. ಹೊಸ ಕೇಬಲ್ ಕೂತುಕೊಳ್ಳಲು ಸ್ವಲ್ಪ ದಿನ ಬೇಕು. ಒಂದು ವಾರ ಓಡಿಸಿ ಫ್ರೀ ಪ್ಲೇ ಮತ್ತೊಮ್ಮೆ ಅಳೆಯಿರಿ.